ಮಗಳೂ ನಾನೂ ಮಾಡಿದ ಜಾಮ್

"ಅವ್ವಾ, ಮಾರ್ಚ್ ತಿಂಗಳಾಗ ಒಂದು ಜಾಮ್ ಐತಿ. ಇಬ್ಬರೂ ಕೂಡಿ ಮಾಡೋಣೇನು?"

ಫೆಬ್ರವರಿ ಕೊನೆಯ ವಾರ ಮಗಳು ಹೀಗೆ ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಾಲ್ಕು ತಿಂಗಳಿಂದ ಅಡಿಗೆಮನೆಯ ಕಡೆ ತಲೆ ಹಾಕದ ಹುಡುಗಿ ತಾನಾಗಿ ಬಂದು ಜಾಮ್ ಮಾಡೋಣ ಅಂದರೆ ಯಾವ ತಾಯಿಗೆ ಸಂತೋಷವಾಗದು, ಹೇಳಿ? "ಮಾಡೋಣವ್ವಾ, ಪೇರಲಹಣ್ಣು ಇನ್ನೂ ಸಿಗ್ತಾವ. ಸಕ್ಕರಿ ಎಷ್ಟು ತರಸ್ಲಿ?" ಅಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ನಾಲ್ಕು ತಿಂಗಳಾಗಿತ್ತು. ಹಾಗಾಗಿ ನನ್ನ ಪೆದ್ದುತನಕ್ಕೆ ನನಗೆ ನಾಚಿಕೆಯೇನೂ ಆಗಲಿಲ್ಲ.

ಅದು ತಿನ್ನುವ ಜಾಮ್ ಅಲ್ಲವಂತೆ, ಗೇಮ್ ಜಾಮ್ ಅಂತೆ. ಸಂಗೀತಗಾರರು ಮುಂಚಿನ ತಾಲೀಮಿಲ್ಲದೆ ಕೂಡಿ ಕುಳಿತು ಬಾರಿಸುವುದಕ್ಕೆ ಜಾಮ್ ಅನ್ನುತ್ತಾರಲ್ಲ, ಆ ಹೆಸರೇ ಇಲ್ಲಿಗೂ ಬಂದಿದೆ. ಗೊತ್ತು ಮಾಡಿದ ದಿನಗಳೊಳಗೆ ಕಂಪ್ಯೂಟರಿನಲ್ಲಿ ಆಡುವಂಥ ಒಂದು ಸಣ್ಣ ಆಟವನ್ನು ಮಾಡಿ ಮುಗಿಸಬೇಕು. ಬಹುಮಾನಕ್ಕಿಂತ ಮುಗಿಸುವುದೇ ಮುಖ್ಯ. 2002ರಲ್ಲಿ ಅಮೆರಿಕದಲ್ಲಿ ಕೆಲವರು ಕೂಡಿ ಇದನ್ನು ಶುರು ಮಾಡಿದರು. 2009ರಿಂದ ಪ್ರತಿ ಜನವರಿಯಲ್ಲಿ ನಾನಾ ದೇಶಗಳಲ್ಲಿ ದೊಡ್ಡ ಜಾಮ್ ನಡೆಯುತ್ತದೆ. ಮಗಳು ಹೇಳಿದ್ದು 'ನ್ಯಾನೋರೆನೋ' ಎಂಬುದನ್ನು. 2005ರಿಂದ ಪ್ರತಿ ಮಾರ್ಚ್ ತಿಂಗಳಲ್ಲಿ ನಡೆಯುವ ಇದರಲ್ಲಿ ಮಾಡಬೇಕಾದದ್ದು 'ವಿಷುಯಲ್ ನಾವೆಲ್', ಅಂದರೆ ದೃಶ್ಯ ಕಾದಂಬರಿ.

ಹಾಗಂದರೇನು ಅಂತ ನೀವೂ ಕೇಳುತ್ತೀರಿ. ಮಗಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದ್ದೀರಲ್ಲ? ಹಿಂದೆ ಬಣ್ಣದ ಪರದೆ, ಮುಂದೆ ಪಾತ್ರ ನಿಂತು ಮಾತಾಡುತ್ತದೆ. ಇದೂ ಹಾಗೆಯೇ. ಹಿಂದೆ ಒಂದು ಚಿತ್ರ, ಮುಂದೆ ಪಾತ್ರದ ಚಿತ್ರ, ಕೆಳಗೆ ಅದರ ಮಾತು ಅಕ್ಷರದಲ್ಲಿ ಮೂಡುತ್ತದೆ. ಓದಿ ಒತ್ತಿದರೆ ಮುಂದಿನ ಮಾತು. ನಡುವೆ ಎಲ್ಲೋ ಕಥೆ ನಿಂತು ನಿಮ್ಮನ್ನೇ ಕೇಳುತ್ತದೆ: ಈಗ ಈ ಪಾತ್ರ ಏನು ಹೇಳಬೇಕು? ಎರಡೋ ಮೂರೋ ಉತ್ತರ ಇರುತ್ತವೆ. ನೀವು ಆರಿಸಿದ ಹಾಗೆ ಕಥೆ ತಿರುಗುತ್ತದೆ. 'ಸಂಪತ್ತಿಗೆ ಸವಾಲ್' ನಾಟಕದ ನಡುವೆ ಅದನ್ನು ಬರೆದ ಧುತ್ತರಗಿಯವರೇ ಎದ್ದು ಬಂದು, "ಮುಂದ ಏನು ಮಾಡೋಣ, ನೀವ ಹೇಳ್ರೀ" ಎಂದು ನೆಲದ ಮೇಲೆ ಕುಳಿತವರನ್ನು ಕೇಳಿದ್ದರೆ ಹೇಗಿರುತ್ತಿತ್ತೋ ಹಾಗೆ ಅನ್ನಿ.

ಇಂಥ ಆಟಗಳು ಜಪಾನಿನಲ್ಲಿ ಬಹಳ. ಇವನ್ನು ಮಾಡಲು 'ರೆನ್‌ಪೈ' ಎಂಬ ಸಾಧನ 2004ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. ಜಪಾನೀ ಭಾಷೆಯಲ್ಲಿ ಪ್ರೇಮಕ್ಕೆ 'ರೆನ್‌ಆಯ್' ಅನ್ನುತ್ತಾರಂತೆ, ಅದಕ್ಕೆ 'ಪೈಥಾನ್' ಎಂಬ ಕಂಪ್ಯೂಟರ್ ಭಾಷೆಯ ಹೆಸರು ಸೇರಿ ರೆನ್‌ಪೈ. ಅದರಲ್ಲಿ ಬರೆಯುವುದು ನಾಟಕ ಬರೆದ ಹಾಗೆಯೇ, ಪಾತ್ರದ ಹೆಸರು, ಮುಂದೆ ಅದರ ಮಾತು. ಆದರೆ ಕೆಲವು ಸಾಲುಗಳ ಮೊದಲಿಗೆ ಲೆಕ್ಕವಾಗಿ ಜಾಗ ಬಿಡಬೇಕು. ಒಂದು ಹೆಚ್ಚುಕಡಿಮೆಯಾದರೂ ಆಟ ಏಳುವುದಿಲ್ಲ. ಚುಕ್ಕಿ ರಂಗೋಲಿ ಹಾಕುವ ನಮಗೆ ಇದು ಹೊಸದೇನಲ್ಲ ಬಿಡಿ, ಒಂದು ಚುಕ್ಕಿ ತಪ್ಪಿದರೆ ಇಡೀ ಅಂಗಳ ತಪ್ಪಿದಂತೆಯೇ.

ಈಗ ಮಗಳ ವಿಷಯ. ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡೂವರೆ ವರ್ಷ ಕೆಲಸ ಮಾಡಿದ್ದಳು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಬಂದ ಪತ್ರದಲ್ಲಿ, ನಾಳೆಯಿಂದ ಬರುವುದು ಬೇಡ ಎಂದಿತ್ತಂತೆ. ಎರಡು ಚೀಲ ಹಿಡಿದು ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದಳು. ಮೊದಲ ತಿಂಗಳು ದಿನಕ್ಕೆ ಹತ್ತು ಕಡೆ ಅರ್ಜಿ ಹಾಕಿದಳು. ಎರಡನೆಯ ತಿಂಗಳು ವಾರಕ್ಕೆ ಹತ್ತು. ಆಮೇಲೆ ಹಾಕುವುದನ್ನೇ ಬಿಟ್ಟು ಕೋಣೆಯ ದೀಪ ಆರಿಸಿ ಮಲಗುವುದು ಶುರುವಾಯಿತು. ನಾನಾದರೋ ದಿನಕ್ಕೆ ನಾಲ್ಕು ಸಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ: "ಉಂಡೀಯೇನು? ಯಾರರ ಫೋನ್ ಮಾಡಿದ್ರೇನು? ಎದ್ದು ಮುಖಾ ತೊಳಕೋಬಾರ್ದೇನು?" ಪ್ರೀತಿಯಿಂದಲೇ ಕೇಳುತ್ತಿದ್ದೆ. ಹಾಗಂತ ನಾನು ತಿಳಿದಿದ್ದೆ.

ಅದಕ್ಕೇ ಅವಳು ಜಾಮ್ ಅಂದಾಗ ಅರ್ಥವಾಗದಿದ್ದರೂ ಹೂಂ ಅಂದೆ. ಕಥೆ ನಾನು ಬರೆಯುವುದು, ಚಿತ್ರವೂ ಕಂಪ್ಯೂಟರ್ ಕೆಲಸವೂ ಅವಳದು ಎಂದು ಮಾತಾಯಿತು. ನನಗೇನು, ಕಾಲೇಜಿನಲ್ಲಿ ಕಥಾಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಬಂದಿತ್ತು. ಮೇಲಾಗಿ ನಮ್ಮದು ಗಳಗನಾಥರ ಸೀಮೆ. ಹಾವೇರಿ ತಾಲ್ಲೂಕಿನ ಆ ಮಹಾನುಭಾವರು ಕಾದಂಬರಿ ಬರೆದು, ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ಮಾರಿದರು ಅಂತ ಹೇಳುತ್ತಾರೆ. ನಾವು ಹೊರುವುದೂ ಬೇಡ, ಮಾರುವುದೂ ಬೇಡ. ಹುಮ್ಮಸ್ಸಿಗೆ ಕೇಳಬೇಕೆ? ಮಾರ್ಚ್ ಒಂದನೇ ತಾರೀಖಿನ ರಾತ್ರಿ ನಮ್ಮ ಯೋಜನೆ ಹೀಗಿತ್ತು: ಹನ್ನೆರಡು ದೃಶ್ಯ, ಐದು ಪಾತ್ರ, ಮೂರು ಬೇರೆ ಬೇರೆ ಮುಕ್ತಾಯ, ಮೆಣಸಿನಕಾಯಿ ಪೇಟೆ, ಕಾಗಿನೆಲೆ ಜಾತ್ರೆ, ಒಂದು ಮದುವೆ, ಒಂದು ಮುರಿದ ಮದುವೆ.

ಆಮೇಲೆ ಏನಾಯಿತು ಅಂತೀರಾ? ಏನೂ ಆಗಲಿಲ್ಲ.

ನಮ್ಮೂರಲ್ಲಿ ಮಾರ್ಚ್ ಅಂದರೆ ಮೆಣಸಿನಕಾಯಿಯ ತಿಂಗಳು. ಸೋಮವಾರ, ಗುರುವಾರ ಪೇಟೆಗೆ ಲಕ್ಷ ಮೀರಿ ಚೀಲ ಬರುವ ದಿನಗಳಿರುತ್ತವೆ. ಇಡೀ ಊರು ಸೀನುತ್ತದೆ. ನಮ್ಮವರು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ರಾತ್ರಿ ಹತ್ತಕ್ಕೆ ಮೊದಲು ಮನೆ ಕಾಣುವುದಿಲ್ಲ. ಮನೆಯಲ್ಲಿ ವರ್ಷದ ಖಾರಪುಡಿಯ ಕೆಲಸ. ಮಾಳಿಗೆಯ ಮೇಲೆ ಕಾಯಿ ಒಣಗಿಸುವುದು, ತುಂಬು ಬಿಡಿಸುವುದು, ಹುರಿಯುವುದು, ಕುಟ್ಟಿಸುವುದು. ಇದರ ನಡುವೆ ಹಪ್ಪಳ, ಸಂಡಿಗೆ. ರಾತ್ರಿ ನೋಟ್‌ಬುಕ್ ಹಿಡಿದು ಕುಳಿತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮಗಳಂತೂ ಮೂರನೆಯ ದಿನಕ್ಕೇ ಮತ್ತೆ ಮಲಗಿದ್ದಳು. "ಮನಸ್ಸ ಬರವಲ್ದವ್ವಾ" ಎನ್ನುವುದೇ ಅವಳ ಉತ್ತರ. ನಾನು ನನ್ನ ಪ್ರಶ್ನೆಗಳ ಪಟ್ಟಿಗೆ ಇನ್ನೊಂದು ಸೇರಿಸಿದೆ: "ಆ ಜಾಮ್ ಏನಾತು?"

ಹದಿನೆಂಟನೇ ತಾರೀಖು ಅದು ಹೇಗೋ ಎದ್ದು ಕುಳಿತಳು. ಕಂಪನಿಯ ಲ್ಯಾಪ್‌ಟಾಪ್ ವಾಪಸು ಹೋಗಿತ್ತು. ಕಾಲೇಜಿನ ಕಾಲದ ಹಳೆಯದನ್ನು ಕಪಾಟಿನಿಂದ ತೆಗೆದಳು. ನಾನು ಬರೆದ ಮೊದಲ ನಾಲ್ಕು ಸಾಲು ಹಾಕಿ ಆಟ ಶುರು ಮಾಡಿದರೆ, ಪರದೆಯ ಮೇಲೆ ಅಕ್ಷರಗಳೇ ಇಲ್ಲ! ಖಾಲಿ ಪೆಟ್ಟಿಗೆಗಳ ಸಾಲು. ಆ ಸಾಧನದೊಳಗಿನ ಅಕ್ಷರಮಾಲೆಯಲ್ಲಿ ಕನ್ನಡ ಇರಲಿಲ್ಲವಂತೆ. ಒಂದು ಕನ್ನಡ ಫಾಂಟ್ ತಂದು ಒಳಗಿಟ್ಟಳು. ಈಗ ಅಕ್ಷರ ಬಂದವು, ಆದರೆ ಒತ್ತಕ್ಷರ ಒಡೆದುಹೋಗಿದ್ದವು. 'ಅಜ್ಜಿ' ಅನ್ನುವುದು 'ಅಜ್' ಒಂದು ಕಡೆ, 'ಜಿ' ಒಂದು ಕಡೆ. 'ಅವ್ವ' ಕೂಡ ಹಾಗೆಯೇ ಎರಡು ಹೋಳು.

ನಾನು ನಕ್ಕುಬಿಟ್ಟೆ. ತಪ್ಪಾಯಿತು. ಮಗಳು ಲ್ಯಾಪ್‌ಟಾಪನ್ನು ಟಪ್ಪನೆ ಮುಚ್ಚಿ, "ನನ್ನ ಕೈಲೆ ಏನೂ ಆಗೂದಿಲ್ಲ. ಅವ್ವ ಅಂತ ಬರಿಯಾಕೂ ಆಗೂದಿಲ್ಲ" ಎಂದು ಎದ್ದುಹೋದಳು. ಆ ದನಿ ಕೇಳಿ ನನ್ನ ಕೈಕಾಲು ತಣ್ಣಗಾದವು. ಇಷ್ಟು ದಿನ ನಾನು ಅದನ್ನು ಸೋಮಾರಿತನ ಅಂದುಕೊಂಡಿದ್ದೆ. ನೆರೆಯವರಿಗೂ ಹಾಗೆಯೇ ಹೇಳಿದ್ದೆ. ಸೋಮಾರಿಯಾದವಳು ತನ್ನ ಕೈಲಾಗುವುದಿಲ್ಲ ಅಂತ ಅಳುವುದಿಲ್ಲ ನೋಡಿ.

ಆ ರಾತ್ರಿ ನಾನು 14416ಕ್ಕೆ ಫೋನ್ ಮಾಡಿದೆ. ಇದು ಸರಕಾರದ 'ಟೆಲಿ ಮಾನಸ್' ನಂಬರು, 2022ರ ಅಕ್ಟೋಬರಿನಿಂದ ಇದೆ. ಹಗಲೂ ರಾತ್ರಿ ಕನ್ನಡದಲ್ಲಿಯೇ ಮಾತಾಡಬಹುದು, ಹಣವಿಲ್ಲ. ಆ ಕಡೆಯ ಹೆಣ್ಣುಮಗಳು ಸಮಾಧಾನದಿಂದ ಕೇಳಿಸಿಕೊಂಡಳು. ಮಗಳು ಒಪ್ಪಿದರೆ ಅವಳೂ ಮಾತಾಡಲಿ, ವೈದ್ಯರನ್ನು ಕಾಣಲು ಹಿಂಜರಿಯಬೇಡಿ ಅಂದಳು. ಎರಡು ದಿನ ಬಿಟ್ಟು ಮಗಳೂ ಮಾತಾಡಿದಳು. ಏನು ಮಾತಾಡಿದಳೆಂದು ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಜಾಮ್‌ನಿಂದಲೇ ಎಲ್ಲ ಸರಿಹೋಯಿತು ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ಅದಕ್ಕೇ ಇಷ್ಟು ಹೇಳಿದೆ.

ಇನ್ನು ನಮ್ಮ ಅತ್ತೆ. ಅವರಿಗೆ ಎಪ್ಪತ್ತೆಂಟು. ವಯಸ್ಸಿನಲ್ಲಿ ಪೇಟೆಯಲ್ಲಿ ಕೇಜಿ ಲೆಕ್ಕಕ್ಕೆ ತುಂಬು ಬಿಡಿಸಿ ಮೂರು ಮಕ್ಕಳನ್ನು ಓದಿಸಿದವರು. ಕೈಯ ಉರಿಗೆ ಕೊಬ್ಬರಿಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದರಂತೆ. ಅವರು ಮೊಮ್ಮಗಳ ಕೋಣೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಕುಳಿತರು. ಒಳಗೆ ನೋಡದೆ, ಕಾಯಿ ಬಿಡಿಸುತ್ತಾ, ತಮಗೇ ಹೇಳಿಕೊಳ್ಳುವವರ ಹಾಗೆ ಅಂದರು:

"ಮೆಣಸಿನಕಾಯಿಗೆ ರೇಟ್ ಬಿತ್ತಂದ್ರ ಯಾರರ ತಿಪ್ಪಿಗೆ ಒಗೀತಾರೇನು? ಥಂಡಿ ಗೋಡಾನದಾಗ ಇಡ್ತಾರ. ಬಣ್ಣಾ ಕೆಡಬಾರ್ದು, ಅಷ್ಟ. ರೇಟ್ ಇವತ್ತಿಲ್ಲ ನಾಳೆ ಬರತೈತಿ."

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ: ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಖಾರದಿಂದಲ್ಲ, ಬಣ್ಣದಿಂದ. ಆ ಬಣ್ಣವನ್ನು ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. 2011ರಲ್ಲಿ ನಮ್ಮ ಕಾಯಿಗೆ ಭೌಗೋಳಿಕ ಸೂಚಿ ಎಂಬ ಮಾನ್ಯತೆಯೂ ಸಿಕ್ಕಿತು. ಬಿಸಿಲಲ್ಲಿ, ಸೆಕೆಯಲ್ಲಿ ಇಟ್ಟರೆ ಬಣ್ಣ ಮಾಸುತ್ತದೆ, ಅದಕ್ಕೇ ಊರ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್‌ಗಳು.

ಒಳಗಿನಿಂದ ಮಾತಿಲ್ಲ. ಆದರೆ ಅಂದು ರಾತ್ರಿ ಹನ್ನೊಂದಕ್ಕೆ ಮಗಳು ಹೊರಗೆ ಬಂದು ನನ್ನ ಪಕ್ಕ ಕುಳಿತಳು. ಡಬ್ಬಿಯಲ್ಲಿದ್ದ ಮಂಡಕ್ಕಿಗೆ ಈರುಳ್ಳಿ, ಹುಣಸೆಹುಳಿ ಹಾಕಿ ಗಿರ್ಮಿಟ್ ಕಲಸಿಕೊಟ್ಟೆ. ತಿನ್ನುತ್ತಾ ಹೇಳಿದಳು: "ಇನ್ನೊಂದು ಜಾಮ್ ಐತಿ ಅವ್ವಾ, ಅದರ ನಿಯಮ ಛಲೋ ಅದಾವ. ಯಾವುದೂ ಒಂದಕ್ಕಿಂತ ಹೆಚ್ಚು ಇರಂಗಿಲ್ಲ. ಒಂದ ಪಾತ್ರದ ಚಿತ್ರ, ಒಂದ ಹಿನ್ನೆಲೆ, ಒಂದ ಸಂಗೀತ. ಮಾತು ಸಾವಿರ ಪದದೊಳಗ. ನಾವೂ ಅಷ್ಟ ಮಾಡೋಣೇನು?"

ಅಲ್ಲಿಗೆ ಹನ್ನೆರಡು ದೃಶ್ಯ ಹೋಗಿ ಒಂದಾಯಿತು. ಮದುವೆ ಹೋಯಿತು, ಮುರಿದ ಮದುವೆಯೂ ಹೋಯಿತು, ಕಾಗಿನೆಲೆ ಜಾತ್ರೆಯೂ ಹೋಯಿತು. ಉಳಿದದ್ದು ನಮ್ಮ ಪಡಸಾಲೆ, ಅಲ್ಲಿ ತುಂಬು ಬಿಡಿಸುತ್ತಾ ಕುಳಿತ ಒಬ್ಬ ಮುದುಕಿ, ಕಾಣಿಸದೆ ಕೋಣೆಯೊಳಗಿರುವ ಒಬ್ಬ ಹುಡುಗಿ. ಪಡಸಾಲೆಯ ಫೋಟೋ ತೆಗೆದು ಅದರ ಮೇಲೆಯೇ ಮಗಳು ಬಣ್ಣ ಹಾಕಿದಳು. ಸಂಗೀತ ಯಾರಿಗೂ ಬಾರದು, ಆದ್ದರಿಂದ ಅತ್ತೆಯ ಮೊರದಲ್ಲಿ ಒಣಗಿದ ಡಬ್ಬಿಕಾಯಿ ಅಲ್ಲಾಡಿಸಿ, ಬೀಜದ ಗಲಗಲ ಸದ್ದನ್ನು ಮೊಬೈಲಿನಲ್ಲಿ ಹಿಡಿದೆವು.

ಒತ್ತಕ್ಷರದ ಗುಟ್ಟೂ ಬಯಲಾಯಿತು. ಅವಳಲ್ಲಿದ್ದದ್ದು ಹಳೆಯ ಆವೃತ್ತಿ. ನಮ್ಮ ದೇಶದ ಲಿಪಿಗಳನ್ನು ಸರಿಯಾಗಿ ಕೂಡಿಸುವ ವ್ಯವಸ್ಥೆ ಆ ಸಾಧನಕ್ಕೆ ಬಂದದ್ದು 2023ರಲ್ಲಿ. ಹೊಸದನ್ನು ಹಾಕಿ ಶುರು ಮಾಡಿದರೆ, ಪರದೆಯ ಮೇಲೆ 'ಅವ್ವ' ಒಂದಾಗಿ ಕೂತಿದ್ದಳು. ಕೆಟ್ಟದ್ದು ಅವಳ ಕೈಯಲ್ಲ, ಹಳೆಯ ಸಾಮಾನು! "ನೋಡು" ಎಂದಷ್ಟೇ ಹೇಳಿ ನನ್ನ ಕಡೆ ತಿರುಗಿಸಿದಳು.

ನನ್ನ ಪಾಡು ಬೇರೆ. ನಲವತ್ತು ಪುಟ ಬರೆದದ್ದನ್ನು ಸಾವಿರ ಪದಕ್ಕೆ ಇಳಿಸಬೇಕು. ಒಂದು ಅನುಕೂಲವೂ ಇತ್ತು. 'ಬಂದುಬಿಟ್ಟಿದ್ದಳಂತೆ' ಎನ್ನುವುದು ನಮ್ಮಲ್ಲಿ ಒಂದೇ ಪದ, ಇಂಗ್ಲಿಷಿನವರು ಅದಕ್ಕೆ ಐದಾರು ಪದ ಖರ್ಚು ಮಾಡಬೇಕು. ಕನ್ನಡದಲ್ಲಿ ಸಾವಿರ ಅಂದರೆ ಕೊಸರು ಹಾಕಿಸಿಕೊಂಡ ಸಾವಿರ! ಆದರೂ ಉಪಮೆ, ವರ್ಣನೆ, ನೀತಿವಾಕ್ಯ ಎಲ್ಲಾ ಕಿತ್ತು ಹಾಕುವಾಗ ಹೊಟ್ಟೆ ಉರಿಯಿತು.

ನಿಜವಾದ ಫಜೀತಿ ಬಂದದ್ದು ಆಯ್ಕೆಯ ಜಾಗದಲ್ಲಿ. ಕಥೆಯಲ್ಲಿ ಒಂದೇ ಒಂದು ಕಡೆ ಆಟ ನಿಲ್ಲುತ್ತದೆ. ಹುಡುಗಿ ಕೋಣೆಯಿಂದ ಹೊರಗೆ ಬಂದು ಅಜ್ಜಿಯ ಎದುರು ನಿಲ್ಲುತ್ತಾಳೆ. ಈಗ ಅಜ್ಜಿ ಏನು ಹೇಳಬೇಕು? ನಾನು ಮೂರು ಆಯ್ಕೆ ಬರೆದುಕೊಟ್ಟೆ. ಒಂದು: "ಕೆಲಸ ಸಿಕ್ತೇನವಾ?" ಎರಡು: "ಉಂಡೀಯೇನು?" ಮೂರು: "ಹಿಂಗ ಎಷ್ಟು ದಿನಾ?"

ಮಗಳು ಓದಿ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಅವ್ವಾ, ಮೂರೂ ಒಂದ ಆಯ್ಕೆ. ಮೂರರಾಗ ಯಾವುದನ್ನ ಒತ್ತಿದರೂ ಹುಡುಗಿ ಹೊಳ್ಳಿ ಒಳಗ ಹೋಗತಾಳ" ಅಂದಳು.

"ಯಾಕ? ಎರಡನೇದು ಪ್ರೀತಿಲೆ ಕೇಳಿದ್ದು."

"ಪ್ರೀತಿಲೆ ಕೇಳಿದ್ರೂ ಉತ್ರ ಕೊಡಬೇಕಲ್ಲ."

ನನಗೆ ಮಾತು ಹೊರಡಲಿಲ್ಲ. ನಾಲ್ಕು ತಿಂಗಳು, ದಿನಕ್ಕೆ ನಾಲ್ಕು ಸಲ, ಪ್ರತಿಸಲ ಮೂರು ಪ್ರಶ್ನೆ. ನೀವೇ ಲೆಕ್ಕ ಹಾಕಿ ನೋಡಿ, ಎಷ್ಟು ಉತ್ತರಗಳ ಸಾಲವನ್ನು ನಾನು ಅವಳ ಮೇಲೆ ಹೊರಿಸಿದ್ದೆ! ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ತಾಯಿ ಕೇಳದೆ ಇನ್ನಾರು ಕೇಳಬೇಕು? ನೋಟ್‌ಬುಕ್ ಮಡಚಿ ಮಲಗಿದೆ. ನಿದ್ದೆ ಬರಲಿಲ್ಲ. ಹೊಸ್ತಿಲಲ್ಲಿ ಕುಳಿತ ಅತ್ತೆ ಅಂದು ಏನು ಕೇಳಿದ್ದರು ಎಂದು ನೆನೆಸಿಕೊಂಡೆ. ಏನನ್ನೂ ಕೇಳಿರಲಿಲ್ಲ. ಕಾಯಿ ಬಿಡಿಸುತ್ತಾ ಕುಳಿತಿದ್ದರು, ಅಷ್ಟೇ.

ಬೆಳಿಗ್ಗೆ ಮೂರನೆಯದನ್ನು ಹೊಡೆದುಹಾಕಿ ಅಲ್ಲಿ ಬರೆದೆ: 'ಮೊರವನ್ನು ಸ್ವಲ್ಪ ಆಕೆಯ ಕಡೆ ಸರಿಸು.' ಅದನ್ನು ಒತ್ತಿದರೆ ಅಜ್ಜಿ ಮಾತಾಡುವುದಿಲ್ಲ. ಗಲಗಲ ಸದ್ದು ಮಾತ್ರ ಕೇಳುತ್ತದೆ. ಆಮೇಲೆ ಹುಡುಗಿಯೇ ಮೊದಲ ಮಾತು ಆಡುತ್ತಾಳೆ. ಆ ಹುಡುಗಿಯ ಮಾತುಗಳನ್ನು ನಾನು ಬರೆಯಲಿಲ್ಲ, "ನೀನ ಬರಿ" ಎಂದೆ. ಅವಳು ಒಂದು ಮಧ್ಯಾಹ್ನ ಪೂರ್ತಿ ಕುಳಿತು ಬರೆದಳು. ಓದಿದೆ. ಬೆಂಗಳೂರಿನ ಆ ಅಕ್ಟೋಬರ್ ಬೆಳಿಗ್ಗೆ ಏನಾಯಿತು, ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ಒಬ್ಬಳೇ ಕುಳಿತಿದ್ದಳು ಎಂಬುದೆಲ್ಲಾ ಅಲ್ಲಿತ್ತು. ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಲ್ಲಾ ಸೇರಿ ಎಂಟುನೂರ ಅರವತ್ತು ಪದವಾಯಿತು.

ಮೂವತ್ತನೇ ತಾರೀಖು ರಾತ್ರಿ ಅತ್ತೆಯನ್ನು ಕೂಡಿಸಿ ಆಡಿಸಿದೆವು. ಮೂರನೆಯ ಇಯತ್ತೆ ಓದಿದವರು, ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಆಯ್ಕೆ ಬಂದಾಗ ಯೋಚನೆಯೇ ಇಲ್ಲದೆ "ಕೆಲಸ ಸಿಕ್ತೇನವಾ?" ಒತ್ತಿಬಿಟ್ಟರು! ಕೋಣೆಯ ಬಾಗಿಲು ಮುಚ್ಚಿತು, ಕಥೆ ಮುಗಿಯಿತು. "ಅಯ್ಯ, ಹೋದಳ?" ಎಂದು ಅತ್ತೆ ಬೆಚ್ಚಿದರು. "ಮತ್ತೊಮ್ಮೆ ಆಡು ಆಯೀ" ಎಂದು ಮಗಳು ಮೊದಲಿನಿಂದ ಹಚ್ಚಿಕೊಟ್ಟಳು. ಈ ಸಲ ಮೊರ ಸರಿಸಿದರು. ಕೊನೆಯವರೆಗೆ ಓದಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಏನು ಹೇಳುತ್ತಾರೋ ಎಂದು ನಾವು ಕಾಯುತ್ತಿದ್ದರೆ ಅಂದರು:

"ಕಥೀ ಇರಲಿ. ಸದ್ದು ಡಬ್ಬೀದು, ಚಿತ್ರ ಕಡ್ಡೀದು ಬರದೀಯಲ್ಲ! ಬ್ಯಾಡಗ್ಯಾಗ ಹುಟ್ಟಿ ಇಷ್ಟ ಗೊತ್ತಿಲ್ಲೇನು?"

ನೋಡಿದರೆ ಹೌದು. ಡಬ್ಬಿ ಗಿಡ್ಡ, ದುಂಡು, ಹೊಟ್ಟೆತುಂಬ ಬೀಜ. ಕಡ್ಡಿ ಉದ್ದ, ತೆಳ್ಳಗೆ, ಮೈಯೆಲ್ಲಾ ಸುಕ್ಕು, ಬೀಜ ಕಡಿಮೆ, ಅಷ್ಟು ಗಲಗಲ ಅನ್ನುವುದಿಲ್ಲ. ಮೊರದ ತುಂಬ ಮಗಳು ಕಡ್ಡಿಕಾಯಿ ಬರೆದಿದ್ದಳು. ರಾತ್ರಿ ಹತ್ತೂವರೆ. ನಾಳೆ ಕೊನೆಯ ದಿನ. ಇರಲಿ ಬಿಡು, ಯಾರಿಗೆ ಗೊತ್ತಾಗುತ್ತೆ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಎದ್ದು, ಕೋಣೆಗೆ ಹೋಗಿ ದೀಪ ಹಾಕಿದಳು. ಯಾರೂ ಹೇಳದೆ ಅವಳು ದೀಪ ಹಾಕಿ ನಾಲ್ಕು ತಿಂಗಳಾಗಿತ್ತು. ಬೆಳಗಿನ ಜಾವ ನಾನು ನೀರು ತುಂಬಲು ಎದ್ದಾಗಲೂ ಆ ದೀಪ ಉರಿಯುತ್ತಿತ್ತು.

ಮಾರ್ಚ್ 31ರ ಸಂಜೆ ಆಟವನ್ನು ಜಾಮ್‌ಗೆ ಒಪ್ಪಿಸಿದೆವು, ಕನ್ನಡದಲ್ಲೂ, ಮಗಳು ಮಾಡಿದ ಇಂಗ್ಲಿಷಿನಲ್ಲೂ. ಆಡಿದವರು ನೂರು ದಾಟಿಲ್ಲ. ಕೆಲಸವೂ ತಕ್ಷಣ ಸಿಗಲಿಲ್ಲ. ಈಗ ಹಾವೇರಿಯಲ್ಲಿ ವಾರಕ್ಕೆ ಮೂರು ದಿನ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಹೋಗುತ್ತಾಳೆ. ಅರ್ಜಿಗಳನ್ನೂ ಹಾಕುತ್ತಿದ್ದಾಳೆ. ಕೆಲವು ದಿನ ಇನ್ನೂ ತಡವಾಗಿ ಏಳುತ್ತಾಳೆ. ನಾನು ಬಾಗಿಲಲ್ಲಿ ನಿಲ್ಲುವುದಿಲ್ಲ. ಸೊಪ್ಪು ಬಿಡಿಸುವುದೋ ಅಕ್ಕಿ ಆರಿಸುವುದೋ, ಅವಳು ಎದ್ದು ಬರುವ ದಾರಿಯಲ್ಲಿ ಒಂದು ಕೆಲಸ ಇಟ್ಟುಕೊಂಡು ಕೂಡುತ್ತೇನೆ, ತಟ್ಟೆ ಸ್ವಲ್ಪ ಆಕಡೆ ಸರಿಸಿರುತ್ತೇನೆ. ನಿಮ್ಮ ಮನೆಯಲ್ಲೂ ಬಾಗಿಲು ಹಾಕಿಕೊಂಡ ಮಗಳೋ ಮಗನೋ ಇದ್ದರೆ ಇದನ್ನು ಮಾಡಿ ನೋಡಿ. ಕೈಗೆತ್ತಿಕೊಂಡ ಕೆಲಸ ಮುಂದೆ ಸಾಗದಿದ್ದರೆ ಹಟ ಹಿಡಿಯಬೇಡಿ, ಅದನ್ನು ಚಿಕ್ಕದು ಮಾಡಿ. ಹನ್ನೆರಡು ದೃಶ್ಯದಿಂದ ಆಗದ್ದು ಒಂದರಿಂದ ಆಯಿತು ನಮಗೆ.

ಅಂದ ಹಾಗೆ, ಮಳೆಗಾಲದಲ್ಲಿ ಪೇರಲ ಬಂದಾಗ ನಾವು ತಿನ್ನುವ ಜಾಮ್ ಕೂಡ ಮಾಡಿದೆವು. ಸಕ್ಕರೆ ಅಳೆದದ್ದು ಮಗಳು. ಒಂದು ಕೇಜಿ ಹಣ್ಣಿನ ತಿರುಳಿಗೆ ಮುಕ್ಕಾಲು ಕೇಜಿ ಹಾಕು ಎಂದಿದ್ದೆ, ಅವಳು ಒಂದೂಕಾಲು ಸುರಿದಳು. ಅತ್ತೆ ನನ್ನ ಮುಖ ನೋಡಿದರು. ನಾನು ಮೂರನೆಯ ಆಯ್ಕೆಯನ್ನೇ ಆರಿಸಿ, ಬಾಣಲೆಯನ್ನು ಸ್ವಲ್ಪ ಅವಳ ಕಡೆ ಸರಿಸಿದೆ.